ಸೆರಗಿನ ಹಂಸ ಮತ್ತು ನನ್ನ ಕೆಂಪು ಪೆನ್ನು

‘ಕಂಪ್ಯೂಟರ್ ಎಂದರೇನು?’ ಎಂಬ ಪ್ರಶ್ನೆಗೆ ಐದು ಅಂಕ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹದಿನೆಂಟು ಹುಡುಗಿಯರೂ ಐದಕ್ಕೆ ಐದು ತೆಗೆದಿದ್ದರು. ನಾನು ಬೋರ್ಡಿನ ಮೇಲೆ ಬರೆಸಿದ್ದನ್ನು ಒಂದು ಅಲ್ಪವಿರಾಮವೂ ತಪ್ಪದಂತೆ ಒಪ್ಪಿಸಿದ್ದರು. ಉತ್ತರ ಪತ್ರಿಕೆ ತಿದ್ದಿ ಮುಗಿಸಿದ ಖುಷಿಯಲ್ಲಿ ಒಬ್ಬಳನ್ನು ಯಂತ್ರದ ಮುಂದೆ ಕೂರಿಸಿ, “ಮುಂದಿನ ಸಾಲಿಗೆ ಹೋಗೋಕೆ ಯಾವ ಕೀ ಒತ್ತಬೇಕು, ತೋರಿಸು” ಎಂದೆ. ಅವಳು ಕೀಲಿಮಣೆಯನ್ನು ನೋಡಲೇ ಇಲ್ಲ. ನೋಟ್‌ಬುಕ್ ತೆರೆದು, “ಪುಟ ಹನ್ನೊಂದರಲ್ಲಿದೆ ಮಿಸ್” ಎಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗಲೂ ಇದೆ. ಅವತ್ತು ಮಾತ್ರ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಬರೆಸಿದವಳು ನಾನೇ ಆಗಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ವಿಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳುತ್ತಿದ್ದೆ. ಆರ್‌ಪಿಸಿ ಲೇಔಟಿನಲ್ಲಿ ನಮ್ಮ ಮನೆ, ನಡೆದುಕೊಂಡೇ ಹೋಗಿಬರುತ್ತಿದ್ದೆ. ಆ ವರ್ಷ ಸರ್ಕಾರದ ಒಂದು ಯೋಜನೆಯಲ್ಲಿ ನಮ್ಮ ಶಾಲೆಗೆ ಎರಡು ಕಂಪ್ಯೂಟರು ಬಂದವು. ಒಬ್ಬ ಟೀಚರನ್ನು ಮೂರು ವಾರದ ತರಬೇತಿಗೆ ಕಳಿಸಿ ಎಂಬ ಕಾಗದವೂ ಜೊತೆಗೇ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಅತ್ತೆಯ ಮಂಡಿನೋವು, ಇನ್ನೊಬ್ಬರಿಗೆ ಮಗುವಿನ ಹಲ್ಲು, ಮತ್ತೊಬ್ಬರಿಗೆ ಗಂಡನ ಊಟದ ಡಬ್ಬಿ. ನನಗಿನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಕಂಪ್ಯೂಟರು ನನ್ನ ತಲೆಗೆ ಬಿತ್ತು.

ಆಟದ ಸಾಮಾನು ಇಡುವ ಕೋಣೆಯನ್ನು ಗುಡಿಸಿ, ಕಿಟಕಿಗೆ ಹಸಿರು ಪರದೆ ಹೊಲಿಸಿ, ಅದಕ್ಕೆ ಕಂಪ್ಯೂಟರ್ ರೂಮ್ ಎಂದು ಹೆಸರಿಟ್ಟೆವು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಒಂದು ಕೀಲಿಮಣೆ, ಅದರ ಹೊಟ್ಟೆಯಲ್ಲೇ ಯಂತ್ರ, ನೋಡುವುದಕ್ಕೆ ಒಂದು ಕಪ್ಪುಬಿಳುಪು ಟಿವಿ, ಬರೆದಿದ್ದನ್ನು ಕಾಪಾಡಿಡುವುದಕ್ಕೆ ಒಂದು ಟೇಪ್ ರೆಕಾರ್ಡರು. ನಾವು ಟೈಪ್ ಮಾಡಿದ್ದೆಲ್ಲ ಕ್ಯಾಸೆಟ್ಟಿಗೆ ಹೋಗಿ, ಮತ್ತೆ ಬೇಕಾದಾಗ ಕೀಚಲು ಧ್ವನಿಯಲ್ಲಿ ಕಿರುಚಿಕೊಳ್ಳುತ್ತ ಯಂತ್ರಕ್ಕೆ ವಾಪಸು ಬರಬೇಕು. ಕರೆಂಟು ಹೋದರೆ ಯಂತ್ರದಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಳಾದೀತೆಂಬ ಹೆದರಿಕೆಗೆ ಹುಡುಗಿಯರಿಗೆ ಮುಟ್ಟಲು ಬಿಡದೆ, ನಾನು ತರಬೇತಿಯಲ್ಲಿ ಬರೆದುಕೊಂಡಿದ್ದ ನೋಟ್ಸನ್ನು ನಾಲ್ಕು ತಿಂಗಳು ಬೋರ್ಡಿಗೆ ಇಳಿಸಿದೆ. ಅವರು ಬೋರ್ಡಿನಿಂದ ಪುಸ್ತಕಕ್ಕೆ ಇಳಿಸಿಕೊಂಡರು.

ಪುಟ ಹನ್ನೊಂದರ ಸುದ್ದಿ ಶಾಲೆಯ ಸೆಕ್ರೆಟರಿಯವರ ಕಿವಿಗೂ ಬಿತ್ತು. ರಾಜಾಜಿನಗರದಲ್ಲಿ ಗಂಡುಮಕ್ಕಳ ಶಾಲೆಯೂ ಅವರದ್ದೇ ಆಡಳಿತದಲ್ಲಿತ್ತು. ಅಲ್ಲಿಯವರು ಮೊದಲಿನಿಂದ ಈ ಯಂತ್ರಗಳ ಮೇಲೆ ಕಣ್ಣಿಟ್ಟಿದ್ದರು. ಸೆಕ್ರೆಟರಿ ನಮ್ಮ ಹೆಡ್‌ಮಿಸ್ ಕೋಣೆಗೆ ನನ್ನನ್ನು ಕರೆಸಿದರು.

“ನೋಡಮ್ಮ, ನಮ್ಮ ಹೆಣ್ಮಕ್ಕಳು ಚೆನ್ನಾಗಿ ನೋಟ್ಸ್ ಬರೀತಾರೆ, ಮಾರ್ಕ್ಸ್ ತೆಗೀತಾರೆ. ಸಂತೋಷ. ನೋಟ್ಸ್ ಬರಿಯೋಕೆ ಮಿಷನ್ ಯಾಕೆ ಬೇಕು? ಅದನ್ನ ಬಾಯ್ಸ್ ಸ್ಕೂಲಿಗೆ ಕಳಿಸೋಣ. ನೀವು ಇಲ್ಲಿ ನೋಟ್ಸ್ ಮಾಡ್ಸಿ.”

ಒಳ್ಳೆಯ ಮನುಷ್ಯರು ಅವರು. ಅದಕ್ಕೇ ಹೆಚ್ಚು ಉರಿಯಿತು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದರೆ ಅದು ನನ್ನ ತಪ್ಪೇ ಆಗುತ್ತಿತ್ತು. ಹೆಡ್‌ಮಿಸ್ ಮೇಜಿನ ಮೇಲಿನ ಗಾಜನ್ನು ನೋಡುತ್ತ ಕುಳಿತಿದ್ದರು.

“ಜನವರಿಯಲ್ಲಿ ಸ್ಕೂಲ್ ಡೇ ಇದೆ ಸಾರ್,” ಎಂದೆ. “ಅವತ್ತು ಬಂದು ನೋಡಿ. ನಮ್ಮ ಹುಡುಗೀರು ತಾವೇ ಮಾಡಿದ್ದು ಒಂದು ಅದರಲ್ಲಿ ನಡೀಬೇಕು. ನಡೆದ್ರೆ ಮಿಷನ್ ಇಲ್ಲೇ ಇರ್ಲಿ. ನಡೀದಿದ್ರೆ ನಾನೇ ಪ್ಯಾಕ್ ಮಾಡಿ, ಆಟೋ ಹತ್ತಿಸಿ, ರಾಜಾಜಿನಗರಕ್ಕೆ ತಂದುಕೊಡ್ತೀನಿ.”

“ಆಗ್ಲಮ್ಮ,” ಎಂದು ಅವರು ನಕ್ಕರು. ಹೊರಗೆ ಬಂದ ಮೇಲೆ ಹೆಡ್‌ಮಿಸ್, “ನಿಮ್ಗೆ ಬಾಯಿಗೆ ಬೀಗ ಇಲ್ಲ ಕಣ್ರೀ” ಎಂದರು. ಇರಲಿಲ್ಲ, ನಿಜ. ಆದರೆ ಕೈಯಲ್ಲಿ ಎರಡೂವರೆ ತಿಂಗಳು ಇತ್ತು.

ಮರುದಿನ ಹದಿನೆಂಟು ನೋಟ್‌ಬುಕ್ಕನ್ನೂ ಒಟ್ಟುಮಾಡಿ ಬೀರುವಿಗೆ ಹಾಕಿ ಬೀಗ ಜಡಿದೆ. ಹುಡುಗಿಯರು ಬೆಪ್ಪಾಗಿ ನೋಡಿದರು. ಒಬ್ಬಳಂತೂ ಅಳುವುದಕ್ಕೇ ಶುರುಮಾಡಿದಳು. ಅವಳು ಶೀರ್ಷಿಕೆಗಳಿಗೆಲ್ಲ ಬಣ್ಣದ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿದ್ದಳು.

“ಇನ್ಮೇಲೆ ನೋಟ್ಸ್ ಇಲ್ಲ,” ಎಂದೆ. “ಎಲ್ಲರೂ ಸೇರಿ ಒಂದು ಪ್ರಾಜೆಕ್ಟ್ ಮಾಡ್ಬೇಕು. ನಿಮ್ಮ ಮನೇಲಿ ಎಣಿಸಿ ಮಾಡೋ ಕೆಲಸ ಏನಿದೆ? ಏನಿದ್ರೂ ಸರಿ, ನಾಳೆ ತನ್ನಿ.”

ತರಬೇತಿಯಲ್ಲಿ ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಯಂತ್ರಕ್ಕೆ ಎಣಿಕೆ ಬಿಟ್ಟರೆ ಬೇರೇನೂ ಬರುವುದಿಲ್ಲ ಎಂಬುದೊಂದು ನನಗೆ ಅರ್ಥವಾಗಿತ್ತು. ಹಾಗಿದ್ದ ಮೇಲೆ ಎಣಿಸುವ ಕೈಗಳು ಇರುವ ಕಡೆಯಿಂದಲೇ ಶುರುಮಾಡೋಣ ಎಂದುಕೊಂಡೆ, ಅಷ್ಟೆ.

ಮರುದಿನ ಹದಿನೆಂಟು ಎಣಿಕೆಗಳು ಬಂದವು. ಹದಿನೈದು ಚುಕ್ಕಿಯ ರಂಗೋಲಿ ಬಂತು. ಊರಾಚೆಯ ಉಲ್ಲಾಳದಿಂದ ಬಸ್ಸಿನಲ್ಲಿ ಬರುತ್ತಿದ್ದವಳು ಒಂದು ಮಾರು ಹೂವಿಗೆ ಎಷ್ಟು ಗಂಟು ಎಂದು ಲೆಕ್ಕ ತಂದಳು. ಅಜ್ಜಿಯ ಚೌಕಾಬಾರ ಬಂತು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಳು, ಹಾಜರಿ ಕೂಗಿದಾಗಲೂ ಕೇಳಿಸದ ಹಾಗೆ ‘ಎಸ್ ಮಿಸ್’ ಎನ್ನುತ್ತಿದ್ದವಳು, ಸುರುಳಿ ಸುತ್ತಿದ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು. ಮಾಗಡಿ ರೋಡಿನ ಪಕ್ಕ, ಕಾಮಾಕ್ಷಿಪಾಳ್ಯದಲ್ಲಿ ಅವಳಪ್ಪ ಮಗ್ಗ ಹಾಕಿಕೊಂಡಿದ್ದರು. ರೇಷ್ಮೆ ಸೀರೆ ನೇಯುತ್ತಿದ್ದರು.

ಹಾಳೆ ಬಿಡಿಸಿದೆ. ಚೌಕಳಿ ಕಾಗದ. ಕೆಲವು ಚೌಕಗಳಲ್ಲಿ ಕಪ್ಪು ತುಂಬಿತ್ತು, ಉಳಿದವು ಖಾಲಿ. ದೂರ ಹಿಡಿದು ನೋಡಿದರೆ ಒಂದು ಹಂಸ.

“ಸೆರಗಲ್ಲಿ ಬರೋದು ಮಿಸ್,” ಎಂದಳು. “ತುಂಬಿರೋ ಚೌಕ ಇದ್ರೆ ಮಗ್ಗಕ್ಕೆ ಹಾಕೋ ರಟ್ಟಿಗೆ ತೂತು ಹೊಡೀತಾರೆ. ಖಾಲಿ ಇದ್ರೆ ಬಿಡ್ತಾರೆ. ತೂತು ಇದ್ದ ಕಡೆ ಎಳೆ ಮೇಲೇಳುತ್ತೆ. ಒಂದು ಸಾಲಿಗೆ ಒಂದು ರಟ್ಟು.”

ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಯಲ್ಲಿ ಯಂತ್ರದ ಕೆಲಸವೆಲ್ಲ ನಡೆಯುತ್ತದೆ ಎಂದು ನಾನು ಎರಡು ವಾರ ಬೋರ್ಡಿಗೆ ಬರೆದು, ನನಗೇ ಸರಿಯಾಗಿ ಮನದಟ್ಟಾಗದೆ ಬಿಟ್ಟಿದ್ದೆ. ಅದು ಇಲ್ಲಿ ಕೂತಿತ್ತು, ಅರಿಶಿನದ ಬೆರಳಿನ ಗುರುತಿನ ಸಮೇತ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಉಳಿದ ಹದಿನೇಳು ಹುಡುಗಿಯರೂ ಹಂಸವನ್ನೇ ಆರಿಸಿದರು. ರಂಗೋಲಿಯವಳು ಮಾತ್ರ ಆರಿಸಿದ ಮೇಲೂ ಎರಡು ದಿನ ಮುನಿಸಿಕೊಂಡಿದ್ದಳು.

ಹಂಸ ಚಿಕ್ಕದು. ಇಪ್ಪತ್ತನಾಲ್ಕು ಸಾಲು, ಸಾಲಿಗೆ ಮೂವತ್ತು ಚೌಕ. ಅದನ್ನು ಯಂತ್ರಕ್ಕೆ ಹೇಳುವ ಕ್ರಮವನ್ನೂ ಅವಳೇ ಮನೆಯಿಂದ ತಂದಳು. ಅವರಲ್ಲಿ ರಟ್ಟಿಗೆ ತೂತು ಹೊಡೆಯುವಾಗ ಒಬ್ಬರು ಹಾಳೆ ನೋಡಿ ಕೂಗುತ್ತಾರೆ, ಇನ್ನೊಬ್ಬರು ಹೊಡೆಯುತ್ತಾರೆ. ಹೊಡೆಯುವವರು ಹಾಳೆಯನ್ನು ನೋಡುವ ಹಾಗಿಲ್ಲ, ಕೂಗುವವರು ಕೈಯನ್ನು ನೋಡುವ ಹಾಗಿಲ್ಲ. ನೋಡಿದರೆ ಎಣಿಕೆ ತಪ್ಪುತ್ತದೆ. ನಾವೂ ಹಾಗೆಯೇ ಮಾಡಿದೆವು. ಅವಳು ಕೂಗುವುದು, ಒಬ್ಬಳು ಬರೆಯುವುದು, ಒಬ್ಬಳು ಟೈಪ್ ಮಾಡುವುದು, ಒಬ್ಬಳು ಟಿವಿ ನೋಡಿ ತಿರುಗಿ ಓದಿ ಹೇಳುವುದು. ‘ಮೂರು ತೂತು, ಎರಡು ಖಾಲಿ, ಏಳು ತೂತು’ ಎಂದು ಆ ಮೆಲುದನಿಯ ಹುಡುಗಿ ಕೂಗತೊಡಗಿದರೆ ಪಕ್ಕದ ಸಂಗೀತದ ಕ್ಲಾಸಿನಿಂದ ದೂರು ಬರುತ್ತಿತ್ತು. ಮನೆಯಲ್ಲಿ ಮಗ್ಗದ ಸದ್ದಿನ ಮೇಲೆ ಕೂಗಿ ಅಭ್ಯಾಸ ಅವಳಿಗೆ.

ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ಅವಳು ಉಳಿಯುವಂತಿರಲಿಲ್ಲ. ಮನೆಗೆ ಹೋಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಬೇಕು. ಕಂಡಿಕೆ ಇಲ್ಲದಿದ್ದರೆ ಅಪ್ಪನ ಮಗ್ಗ ನಿಲ್ಲುತ್ತದೆ. ಗಡಿಯಾರದ ಮುಳ್ಳು ಐದಕ್ಕೆ ಬಂತೆಂದರೆ, ಸಾಲಿನ ಮಧ್ಯದಲ್ಲಿದ್ದರೂ ಚೀಲ ಎತ್ತಿಕೊಳ್ಳುತ್ತಿದ್ದಳು. ಮೊದಮೊದಲು ನಾನು ಗೊಣಗಿದೆ. ಆಮೇಲೆ ರೂಢಿಯಾಯಿತು.

ಡಿಸೆಂಬರ್ ಕೊನೆಯ ಹೊತ್ತಿಗೆ ಇಪ್ಪತ್ತನಾಲ್ಕು ಸಾಲೂ ಒಳಗೆ ಹೋದವು. ಸಾಲುಗಳನ್ನು ಒಂದೊಂದಾಗಿ ತೆಗೆದು, ಒಂದು ಇದ್ದಲ್ಲಿ ಬಿಳಿ ಚೌಕ ಮೂಡಿಸಿ, ಸೊನ್ನೆ ಇದ್ದಲ್ಲಿ ಕಪ್ಪು ಬಿಟ್ಟು, ಟಿವಿಯ ಮೇಲೆ ಇಳಿಸುತ್ತ ಹೋಗುವ ಹತ್ತು ಸಾಲಿನ ಆಜ್ಞೆಗಳನ್ನು ನಾನೂ ಹುಡುಗಿಯರೂ ಸೇರಿ ಬರೆದೆವು. ಎಲ್ಲರೂ ಟಿವಿಯ ಸುತ್ತ ನೆರೆದರು. ಗುಂಡಿ ಒತ್ತಿದೆ.

ಹಂಸ ಬಂತು. ಕಾಲು ಮೇಲೆ, ತಲೆ ಕೆಳಗೆ.

“ಮಿಸ್, ಶೀರ್ಷಾಸನ ಹಾಕಿದೆ!” ಎಂದು ಯಾರೋ ಕಿಸಕ್ಕೆಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸ್ಕೂಲ್ ಡೇಗೆ ಮೂರು ವಾರ ಉಳಿದಿತ್ತು. ಹಾಳೆ ತೆಗೆದು ಬರೆದುಕೊಂಡಿದ್ದಕ್ಕೆ ತಾಳೆ ನೋಡಿದೆ. ಅವಳು ಹಾಳೆಯ ಕಟ್ಟಕಡೆಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಕೂಗಿದ್ದಳು. ಇಪ್ಪತ್ತನಾಲ್ಕು ಸಾಲೂ ಹಾಗೆಯೇ.

“ಬುದ್ಧಿ ಎಲ್ಲಿಟ್ಟಿದ್ದೆ?” ಎಂದು ಕಿರುಚಿದೆ. “ಕೆಳಗಿಂದ ಮೇಲಕ್ಕೆ ಓದೋರನ್ನ ಎಲ್ಲಾದ್ರೂ ನೋಡಿದೀಯಾ? ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಮೇಲಿಂದ ಓದ್ಬೇಕು ಅಂತ!”

ಹಾಗೆ ಹೇಳುತ್ತಲೇ, ತಪ್ಪಿದ ಲೆಕ್ಕಕ್ಕೆ ಮಾಡುವ ಹಾಗೆ, ಕಿವಿಗೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ನು ತೆಗೆದು ಆ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಪಕ್ಕದಲ್ಲಿ ‘ತಪ್ಪು’ ಎಂದು ಬರೆದು ಅದರ ಕೆಳಗೂ ಎರಡು ಗೆರೆ ಹಾಕಿದೆ.

 ಅವಳು ಹಾಳೆಯನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಮ್ಮಮ್ಮ ನನ್ನ ಬಾಯಿಯ ಕಾಟಕ್ಕೆ ದಿನಕ್ಕೊಂದು ಸಲ ಹೇಳುತ್ತಿದ್ದಳು. ನಾನು ಅದನ್ನೂ ನೋಟ್ಸಿನ ಹಾಗೆ ಕೇಳಿಸಿಕೊಂಡಿದ್ದೆ. ಉಳಿದ ಹುಡುಗಿಯರು ಮೇಲಿನ ಸಾಲಿನಿಂದ ಹೊಸದಾಗಿ ಬರೆಯೋಣ ಎಂದರೆ ಹಾಳೆ ಇಲ್ಲ, ಕೂಗುವವಳೂ ಇಲ್ಲ. ಮೂರನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಮಾಗಡಿ ರೋಡು ಹಿಡಿದು ನಡೆದೆ.

ವಿಳಾಸ ಕೇಳುವುದೇ ಬೇಕಾಗಲಿಲ್ಲ. ಆ ಬೀದಿಯ ಪ್ರತಿ ಮನೆಯಿಂದಲೂ ಲಟಪಟ ಸದ್ದು ಬರುತ್ತಿತ್ತು. ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದರು, ಮಾತು ಕೇಳಿಸುತ್ತಿರಲಿಲ್ಲ. ಶೀಟ್ ಹೊದೆಸಿದ ಉದ್ದನೆಯ ಕೋಣೆಯಲ್ಲಿ ಎರಡು ಮಗ್ಗ. ನನ್ನನ್ನು ನೋಡಿದ ಕೂಡಲೇ ಅವಳಪ್ಪ ಮಗ್ಗ ನಿಲ್ಲಿಸಿದರು. ತೆಳ್ಳಗಿನ ಆಳು, ಬನಿಯನ್ನಿನ ತುಂಬ ಬಣ್ಣದ ಎಳೆಗಳ ಚೂರು. ಮಗಳು ಗೋಡೆಯ ಪಕ್ಕ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದವಳು ಎದ್ದು ನಿಂತಳು, ನನ್ನ ಮುಖ ನೋಡಲಿಲ್ಲ.

“ಕೂತ್ಕೊಳಿ ಮೇಡಂ,” ಎಂದು ಅವರು ಒಂದು ಮರದ ಪೆಟ್ಟಿಗೆಯನ್ನು ಒರೆಸಿ ಕೊಟ್ಟರು. “ಇವಳೇನಾದ್ರೂ ತಪ್ಪು ಮಾಡಿದ್ಲಾ?”

“ಹಾಳೆ ತಲೆಕೆಳಗಾಗಿ ಓದಿದ್ಲು,” ಎಂದೆ. ಅಷ್ಟು ದೂರ ನಡೆದು ಹೋಗಿಯೂ ನನ್ನ ನಾಲಿಗೆಗೆ ಹೊಳೆದದ್ದು ಅಷ್ಟೇ.

ಅವರು ಅರ್ಥವಾಗದೆ ನನ್ನನ್ನೂ ಮಗಳನ್ನೂ ನೋಡಿದರು. ಆಮೇಲೆ ಮಗ್ಗದ ಹತ್ತಿರ ಕರೆದರು. ಹಾಸಿನ ಮೇಲೆ ಸೆರಗು ಅರ್ಧ ನೇಯ್ದಿತ್ತು. ಸಾಲಾಗಿ ಹಂಸಗಳು. ಆದರೆ ಯಾವ ಹಂಸಕ್ಕೂ ತಲೆ ಇರಲಿಲ್ಲ. ಕಾಲು, ಹೊಟ್ಟೆ, ರೆಕ್ಕೆಯ ಅರ್ಧದವರೆಗೆ ಬಂದಿದ್ದವು. ಅದರಾಚೆ ಬರೀ ಎಳೆಗಳು.

“ನೇಯೋದು ಕೆಳಗಿಂದಾನೇ ಅಲ್ವಾ ಮೇಡಂ. ಕಾಲು ಆಗ್ದೆ ತಲೆ ಎಲ್ಲಿ ನಿಲ್ಲುತ್ತೆ? ಹಾಳೇನೂ ಕೆಳಗಿಂದಾನೇ ಓದ್ತೀವಿ. ಅವ್ಳು ಹುಟ್ಟಿದಾಗಿಂದ ಹಂಗೇ ನೋಡಿರೋದು.”

ನಾನು ಮಗ್ಗದ ಮರಕ್ಕೆ ಕೈಯಿಟ್ಟು ನಿಂತೆ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು ಎಂದು ನಾನು ಕಿರುಚಿದ್ದು ಆ ಕೋಣೆಯಲ್ಲಿ ಮತ್ತೆ ಕೇಳಿಸಿದ ಹಾಗಾಯಿತು. ನಾಚಿಕೆಯಾಯಿತು. ಅದಕ್ಕಿಂತ ಬೇರೆ ಪದ ಇಲ್ಲ.

ಅವರು ಗೂಡಿನಿಂದ ಆ ಹಾಳೆ ತೆಗೆದು ತೊಡೆಯ ಮೇಲೆ ಹರಡಿದರು. ನನ್ನ ಕೆಂಪು ಗೆರೆ ಹಂಸದ ಕೊರಳನ್ನು ಸೀಳಿಕೊಂಡು ಹೋಗಿತ್ತು.

“ಇದೊಂದು ಆಯ್ತು ಮೇಡಂ. ಹಾಳೇಲಿ ಕೆಂಪು ಅಂದ್ರೆ ಬೇರೆ ನೂಲು. ಕರಿ ಬಂದ್ರೆ ಜರಿ, ಕೆಂಪು ಬಂದ್ರೆ ಬಣ್ಣದ ರೇಷ್ಮೆ. ರಟ್ಟು ಹರಿದೋದ್ರೆ ಇದನ್ನ ನೋಡೇ ಇನ್ನೊಂದು ಹೊಡೀಬೇಕು. ಹೊರಗಡೆಯೋರು ಯಾರಾದ್ರೂ ಬಂದು ಹೊಡುದ್ರೆ ಕೊರಳಿಗೆ ಕೆಂಪು ಹಾಕ್ಬುಡ್ತಾರೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಶಾಲೆಗೆ ತಗೊಂಡೋಗೋವಾಗ್ಲೇ ನಾನು ಹೇಳಿದ್ದೆ, ಜೋಪಾನ ಅಂತ. ಅದಕ್ಕೇ ಇವ್ಳು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ.”

ಆಗಿನ ಕಾಲದಲ್ಲಿ ಟೀಚರಾದವರು ಮಕ್ಕಳ ಹತ್ತಿರ ತಪ್ಪಾಯ್ತು ಎನ್ನುತ್ತಿರಲಿಲ್ಲ. ನಾನೂ ಅನ್ನಲಿಲ್ಲ. ಬದಲಿಗೆ ಕೇಳಿದೆ: “ಇದೇ ಥರದ ಖಾಲಿ ಹಾಳೆ ಇದೆಯಾ?”

ಇತ್ತು. ಆ ಪೆಟ್ಟಿಗೆಯ ಮೇಲೆ ಹಾಳೆ ಹರಡಿ, ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು, ಪೆನ್ಸಿಲು ಹಿಡಿದೆ.

“ಕೂಗು,” ಎಂದೆ ಅವಳಿಗೆ.

ಅವಳು ಅಪ್ಪನನ್ನು ನೋಡಿದಳು. ಅವರು ತಲೆಯಾಡಿಸಿದರು. ಅವಳು ಹಾಳೆ ಹಿಡಿದು ನನ್ನ ಎದುರು ಕುಳಿತಳು. ನಾನು ಅಭ್ಯಾಸಬಲದಿಂದ ಪೆನ್ಸಿಲನ್ನು ಮೇಲಿನ ಎಡಮೂಲೆಗೆ ಇಟ್ಟಿದ್ದೆ.

“ಅಲ್ಲಲ್ಲ ಮಿಸ್,” ಎಂದಳು. “ಕೆಳಗೆ.”

ಪೆನ್ಸಿಲನ್ನು ಕೆಳಗೆ ತಂದೆ. “ಆರು ಖಾಲಿ, ಎರಡು ತೂತು, ಐದು ಖಾಲಿ,” ಎಂದು ಶುರುವಾಯಿತು. ಪಕ್ಕದ ಮಗ್ಗ ಮತ್ತೆ ಸದ್ದು ಮಾಡತೊಡಗಿತು, ಅವಳ ದನಿ ಅದರ ಮೇಲೇರಿತು. ನಾನು ಮೂರು ಕಡೆ ಎಣಿಕೆ ತಪ್ಪಿದೆ. ಮೂರು ಸಲವೂ ಅವಳು ನಿಲ್ಲಿಸಿ, ರಬ್ಬರು ಕೊಟ್ಟು, ಆ ಸಾಲನ್ನು ಮೊದಲಿನಿಂದ ಕೂಗಿದಳು. ಒಂದು ಸಲವೂ ಮುಖ ಗಂಟಿಕ್ಕಲಿಲ್ಲ. ಹಂಸದ ಕಾಲು ಬಂತು, ಹೊಟ್ಟೆ ಬಂತು, ಕೊರಳು ಎದ್ದಿತು. ಅವಳಮ್ಮ ನಡುವೆ ಕಾಫಿ ತಂದಿಟ್ಟರು, ಅದು ಆರಿಹೋಯಿತು.

ಮುಗಿಸಿ ಎದ್ದಾಗ ಕಾಲು ಜೋಮು ಹಿಡಿದಿತ್ತು. ಕರಿ ಶಾಯಿ ತುಂಬುವುದನ್ನು ಅವಳಪ್ಪ ತಾವೇ ಮಾಡಿಕೊಳ್ಳುತ್ತೇನೆಂದರು. ನಾನು ಬಾಗಿಲ ಹತ್ತಿರ ಬಂದೆ. ಅವಳು ಹಿಂದೆಯೇ ಬಂದಳು.

“ಮಿಸ್, ಕಂಪ್ಯೂಟರಲ್ಲಿ ಮತ್ತೆ ಬರೀಬೇಕಾಗಿಲ್ಲ ಅನ್ಸುತ್ತೆ.”

“ಯಾಕೆ?”

“ಸ್ಕ್ರೀನಲ್ಲೂ ಕೆಳಗಿಂದಾನೇ ಶುರು ಮಾಡಿದ್ರೆ? ಮೊದಲನೇ ಸಾಲು ಕೆಳಗೆ, ಎರಡನೇದು ಅದರ ಮೇಲೆ. ಮಗ್ಗದ ಥರ.”

ಇಪ್ಪತ್ತನಾಲ್ಕು ಸಾಲನ್ನು ಹೊಸದಾಗಿ ಟೈಪ್ ಮಾಡಿಸಬೇಕೆಂದು ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೆ. ಅವಳು ಹೇಳಿದ್ದಕ್ಕೆ ಒಂದೇ ಒಂದು ಆಜ್ಞೆ ಬದಲಾಗಬೇಕಿತ್ತು. ತೆರೆಯ ಮೇಲೆ ಒಂದರಿಂದ ಇಪ್ಪತ್ತನಾಲ್ಕಕ್ಕೆ ಇಳಿಯುವ ಬದಲು ಇಪ್ಪತ್ತನಾಲ್ಕರಿಂದ ಒಂದಕ್ಕೆ ಏರುವುದು. ಸೋಮವಾರ ಅವಳೇ ಬಂದು, ಅವಳೇ ಅದನ್ನು ಟೈಪ್ ಮಾಡಿದಳು. ಹಂಸ ನೆಟ್ಟಗೆ ನಿಂತಿತು. ಯಾರೂ ನಗಲಿಲ್ಲ, ಚಪ್ಪಾಳೆ ಹೊಡೆದರು.

ನಾನು ಮಾತ್ರ ಅವರೆಲ್ಲರ ಮುಂದೆ ಹೇಳಬೇಕಾಗಿದ್ದ ಮಾತನ್ನು ಅವತ್ತೂ ಹೇಳಲಿಲ್ಲ. ಬೈದದ್ದು ಎಲ್ಲರ ಎದುರಿಗೆ, ಹಾಳೆ ತಿದ್ದಿಕೊಟ್ಟದ್ದು ಅವರ ಮನೆಯೊಳಗೆ. ಲೆಕ್ಕ ಸರಿಹೋಗಿಲ್ಲ ಎಂದು ನನಗೆ ಗೊತ್ತಿತ್ತು.

ಸ್ಕೂಲ್ ಡೇ ದಿನ ಅಂಗಳದಲ್ಲಿ ಶಾಮಿಯಾನ, ಮೈಕಿನಲ್ಲಿ ಹಲೋ ಹಲೋ. ಸಂಜೆ ನಾಲ್ಕೂಕಾಲಿಗೆ ಸೆಕ್ರೆಟರಿಯವರು ಗಂಡುಮಕ್ಕಳ ಶಾಲೆಯ ಹೆಡ್‌ಮಾಸ್ಟರನ್ನೂ ಕರೆದುಕೊಂಡು ಕಂಪ್ಯೂಟರ್ ರೂಮಿಗೆ ಬಂದರು. ಹೆಡ್‌ಮಾಸ್ಟರು ಯಂತ್ರಕ್ಕಿಂತ ಹೆಚ್ಚಾಗಿ, ಅದು ಬಂದಿದ್ದ ಖಾಲಿ ರಟ್ಟಿನ ಡಬ್ಬಗಳನ್ನು ನೋಡಿದ್ದು ನನ್ನ ಕಣ್ಣು ತಪ್ಪಲಿಲ್ಲ. ಹುಡುಗಿಯರ ಮನೆಯವರು ಬಾಗಿಲ ತುಂಬ ನಿಂತಿದ್ದರು. ಅವರ ನಡುವೆ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟ ಅವಳಪ್ಪನೂ ಇದ್ದರು.

ಒಂದು ಯಂತ್ರ ಬೆಳಿಗ್ಗೆಯಿಂದಲೇ ಮುಷ್ಕರ ಹೂಡಿತ್ತು. ಇನ್ನೊಂದರಲ್ಲಿ ಹಂಸ ಸಿದ್ಧವಾಗಿತ್ತು. “ಈಗ ನೋಡಿ ಸಾರ್” ಎಂದು ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಕರೆಂಟು ಹೋಯಿತು.

ಹೊರಗೆ ಮೈಕು ಗಕ್ಕನೆ ನಿಂತಿತು. ಐದು ನಿಮಿಷಕ್ಕೆ ಕರೆಂಟು ಬಂತು, ಆದರೆ ಯಂತ್ರದ ತಲೆ ಬರಿದಾಗಿತ್ತು. ಕ್ಯಾಸೆಟ್ ಹಾಕಿದೆವು. ಎರಡು ನಿಮಿಷ ಕಿರುಚಿಕೊಂಡ ಟೇಪು ಇದ್ದಕ್ಕಿದ್ದಂತೆ ಗೊಗ್ಗರು ದನಿ ತೆಗೆಯಿತು. ಮುಚ್ಚಳ ತೆಗೆದು ನೋಡಿದರೆ ರೀಲು ಚಕ್ರಕ್ಕೆ ಸುತ್ತಿಕೊಂಡು ಶ್ಯಾವಿಗೆಯಾಗಿತ್ತು.  ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಬುದ್ಧಿ ನನಗೆ ಬಂದಿರಲಿಲ್ಲ.

“ಪಾಪ, ಮಕ್ಕಳು ಶ್ರಮ ಪಟ್ಟಿದಾರೆ,” ಎಂದರು ಸೆಕ್ರೆಟರಿ, ನಿಜವಾದ ಮರುಕದಿಂದ. “ಆಯ್ತಮ್ಮ, ಬಿಡಿ. ಸ್ಟೇಜ್ ಹತ್ರ ಹೋಗೋಣ.”

“ಐದು ಗಂಟೆಗಲ್ವಾ ಸಾರ್ ಸ್ಟೇಜು?” ಎಂದು ಹಿಂದಿನಿಂದ ಒಂದು ದನಿ ಕೇಳಿತು. ಮಗ್ಗದ ಸದ್ದಿನ ಮೇಲೆ ಕೂಗುವ ದನಿ ಅದು. “ಇನ್ನೂ ಅರ್ಧ ಗಂಟೆ ಇದೆ. ನಾವು ಮತ್ತೆ ಹೊಡೀತೀವಿ. ನೀವು ಕೂತ್ಕೊಳಿ.”

ಸೆಕ್ರೆಟರಿಯವರಿಗೆ ‘ಕೂತ್ಕೊಳಿ’ ಎಂದು ಆ ಶಾಲೆಯಲ್ಲಿ ಯಾವ ಹುಡುಗಿಯೂ ಹೇಳಿರಲಿಕ್ಕಿಲ್ಲ. ಅವರು ಕುಳಿತರು.

ನಾಲ್ವರು ತಮ್ಮ ತಮ್ಮ ಜಾಗಕ್ಕೆ ಬಂದರು. ನಾನು ಒಂದು ಅಕ್ಷರ ಹೇಳಬೇಕಾಗಲಿಲ್ಲ. ಆಜ್ಞೆಗಳ ಹತ್ತು ಸಾಲು ಅವರಿಗೆ ಬಾಯಿಪಾಠವಾಗಿತ್ತು, ನಾನು ಮಾಡಿಸದಿದ್ದ ಬಾಯಿಪಾಠ. ಮನೆಯಿಂದ ತಂದಿದ್ದ ಹೊಸ ಹಾಳೆಯನ್ನು ಅವಳು ಎತ್ತಿ ಹಿಡಿದಳು. “ಆರು ಖಾಲಿ, ಎರಡು ತೂತು.” ಟೈಪ್ ಮಾಡುವವಳು ತಿರುಗಿ ನೋಡಲಿಲ್ಲ, ಇವಳು ಅವಳ ಕೈ ನೋಡಲಿಲ್ಲ. ಆರು ಸಾಲಿಗೊಮ್ಮೆ ಕೈ ಬದಲು. ರಂಗೋಲಿಯವಳು, ಹೂವಿನ ಗಂಟಿನವಳು, ಅಡಿಗೆರೆಯವಳು, ಎಲ್ಲರೂ ಬಂದು ಹೋದರು. ಗಂಡುಮಕ್ಕಳ ಶಾಲೆಯ ಹೆಡ್‌ಮಾಸ್ಟರು ಮೊದಲು ಗಡಿಯಾರ ನೋಡುತ್ತಿದ್ದವರು, ಆಮೇಲೆ ಹುಡುಗಿಯರ ಬೆರಳು ನೋಡತೊಡಗಿದರು. ಇಪ್ಪತ್ತು ನಿಮಿಷಕ್ಕೆ ಕೊನೆಯ ಸಾಲು ಮುಗಿಯಿತು. ಅವಳೇ ಗುಂಡಿ ಒತ್ತಿದಳು.

ತೆರೆಯ ತಳದಿಂದ ಕಾಲು ಎದ್ದಿತು, ಹೊಟ್ಟೆ ಎದ್ದಿತು, ಕೊರಳು, ತಲೆ, ಕೊಕ್ಕು. ಕೋಣೆ ತುಂಬ ಚಪ್ಪಾಳೆ. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವಾಗ ಬಾಗಿಲ ಹತ್ತಿರದಿಂದ ಯಾರೋ ಕೆಮ್ಮಿದರು.

“ಮೇಡಂ, ತಪ್ಪು ತಿಳ್ಕೋಬೇಡಿ,” ಎಂದರು ಅವಳಪ್ಪ. “ಕೊರಳ ಬಲಗಡೆ ಒಂದೆಳೆ ಹೆಚ್ಚಿಗೆ ಎದ್ದಿದೆ. ಕೆಳಗಿಂದ ಹದಿನೇಳನೇ ಸಾಲು.”

ಯಾರಿಗೂ ಕಾಣಿಸಲಿಲ್ಲ. ಮಗಳು ಹಾಳೆ ನೋಡಿದಳು, ಆ ಸಾಲನ್ನು ತೆರೆಯ ಮೇಲೆ ಕರೆದಳು, ಬೆರಳಿಟ್ಟು ಎಣಿಸಿದಳು. ಸೊನ್ನೆ ಇರಬೇಕಾದಲ್ಲಿ ಒಂದು ಇತ್ತು. ಅದೊಂದನ್ನು ತಿದ್ದಿ ಮತ್ತೆ ಗುಂಡಿ ಒತ್ತಿದಳು. ಹಂಸ ಕಾಲಿನಿಂದ ತಲೆಯವರೆಗೆ ಹೊಸದಾಗಿ ಎದ್ದಿತು.

ಅವಳಪ್ಪ ಬಾಗಿಲು ಬಿಟ್ಟು ಟಿವಿಯ ಹತ್ತಿರಕ್ಕೇ ಬಂದುಬಿಟ್ಟರು. “ಅಷ್ಟೇನಾ? ನೇಯ್ದಿದ್ದನ್ನ ಬಿಚ್ಚೋದೇನೂ ಇಲ್ವಾ?”

“ಇಲ್ಲಪ್ಪ.”

“ರಟ್ಟು ಹೊಸದಾಗಿ ಹೊಡೆಯೋದು?”

“ಅದೂ ಇಲ್ಲ.”

ಅವರು ತೆರೆಯನ್ನು ನೋಡುತ್ತ ನಿಂತರು. ಸೆಕ್ರೆಟರಿ ಎದ್ದು ನನ್ನ ಕಡೆ ತಿರುಗಿದರು. “ಭೇಷ್ ಕಣಮ್ಮ. ಚೆನ್ನಾಗಿ ಹೇಳ್ಕೊಟ್ಟಿದೀರಿ. ಕೆಳಗಿಂದ ಮೇಲಕ್ಕೆ ಕಟ್ಕೊಂಡು ಬರೋದು, ಅದು ಯಾರ ಐಡಿಯಾ? ನಿಮ್ಮದಾ?”

ಹದಿನೆಂಟು ಹುಡುಗಿಯರೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದಿದ್ದರೆ ಯಂತ್ರಗಳು ಇಲ್ಲೇ ಎಂದು ಮಾತು ಅಲ್ಲಿಗೆ ಮುಗಿಯುತ್ತಿತ್ತು. ಟೀಚರಿಗೇ ಗೊತ್ತಿರಲಿಲ್ಲವೆಂದರೆ ರಾಜಾಜಿನಗರದವರಿಗೆ ಮಾತಾಡಲು ಒಂದು ದಾರಿ ಸಿಗುತ್ತಿತ್ತು. ಆದರೆ ಮೂರು ವಾರದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು ಇನ್ನು ನಿಲ್ಲುವ ಹಾಗಿರಲಿಲ್ಲ.

“ಅಲ್ಲ ಸಾರ್,” ಎಂದೆ. “ಕೆಳಗಿಂದ ಯಾರಾದ್ರೂ ಓದ್ತಾರಾ ಅಂತ ನಾನು ಇವಳನ್ನ ಎಲ್ಲರ ಮುಂದೆ ಬೈದೆ. ಇವರಪ್ಪನ ಹಾಳೆಗೆ ಕೆಂಪು ಗೆರೆ ಎಳೆದೆ. ತಪ್ಪು ನನ್ನದು. ನನಗೆ ಗೊತ್ತಿರ್ಲಿಲ್ಲ. ಹೇಳ್ಕೊಟ್ಟೋಳು ಇವಳು.”

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೆ ಕೆಂಪಾದಳು.  ಸೆಕ್ರೆಟರಿ ಗಂಡುಮಕ್ಕಳ ಶಾಲೆಯ ಹೆಡ್‌ಮಾಸ್ಟರ ಕಡೆ ತಿರುಗಿ, “ನಿಮ್ಮ ಹುಡುಗ್ರಿಗೆ ಬೇರೆ ಅರ್ಜಿ ಹಾಕೋಣ ಸಾರ್, ಇವು ಇಲ್ಲೇ ಇರ್ಲಿ,” ಎಂದು ಚಪ್ಪಲಿ ಮೆಟ್ಟಲು ಹೊರಗೆ ಹೋದರು.

ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಹೆಡ್‌ಮಿಸ್ ನನ್ನ ಕೈ ಒತ್ತಿದರು. ಜನ ಕರಗಿ ಶಾಮಿಯಾನದ ಕಡೆ ಹೋದ ಮೇಲೂ ಅವಳಪ್ಪ ಅಲ್ಲೇ ನಿಂತಿದ್ದರು. ಗಡಿಯಾರ ನೋಡಿದರು. ಕಂಡಿಕೆಯ ಹೊತ್ತು ಹತ್ತಿರವಾಗಿತ್ತು, ಅವಳು ಅಭ್ಯಾಸದಿಂದ ಚೀಲಕ್ಕೆ ಕೈಹಾಕಿದಳು.

“ಇರ್ಲಿ ಬಿಡು,” ಎಂದು ಅವರು ಮಗಳಿಗೆ ಹೇಳಿ ನನ್ನ ಕಡೆ ನೋಡಿದರು. “ಸೋಮವಾರದಿಂದ ಇವ್ಳನ್ನ ಆರು ಗಂಟೆವರ್ಗೂ ಇಟ್ಕೊಳಿ ಮೇಡಂ. ಕಂಡಿಕೆ ನಾನೇ ಸುತ್ಕೋತೀನಿ.”

ಅಷ್ಟು ಹೇಳಿ ಹೊರಗೆ ಹೋಗಿ, ಚಪ್ಪಲಿಗಳ ರಾಶಿಯಲ್ಲಿ ತಮ್ಮದನ್ನು ಹುಡುಕತೊಡಗಿದರು.